ಡಿಸ್ಕಿನ ಮೇಲೆ ಹೆಣ್ಣುಮಕ್ಕಳ ಹೆಸರು: ಸ್ಪಾನ್ಸರ್‌ಶಿಪ್ ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾವು ಮೂಲತಃ ಶಿವಮೊಗ್ಗದವರು, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಯಜಮಾನರದು ಎಚ್-1ಬಿ ಕೆಲಸದ ವೀಸಾ, ನಾನು ಮತ್ತು ಮಗಳು ಅವರ ಕುಟುಂಬದವರಿಗೆ ಸಿಗುವ ಎಚ್-4. ಮಗಳಿಗೆ 17 ವರ್ಷ. ಕೆಲವು ವರ್ಷಗಳಿಂದ ಡಿಸ್ಕ್ ಗಾಲ್ಫ್ ಆಡುತ್ತಿದ್ದಾಳೆ, ಜೂನಿಯರ್ ವಿಭಾಗದಲ್ಲಿ ಗೆಲ್ಲುತ್ತಿದ್ದಾಳೆ. ಈಗ ಒಂದು ಡಿಸ್ಕ್ ಕಂಪನಿ ಅವಳನ್ನು ತಮ್ಮ ‘ಟೀಮ್’ಗೆ ಕರೆದಿದೆ. ವರ್ಷಕ್ಕೆ 20 ಡಿಸ್ಕ್ ಉಚಿತ, ಉಳಿದ ಸಾಮಾನಿಗೆ ಶೇ 40 ರಿಯಾಯಿತಿ, ಒಂದು ಜೆರ್ಸಿ. ಬದಲಿಗೆ ವಾರಕ್ಕೆ ಎರಡು ಇನ್‌ಸ್ಟಾಗ್ರಾಂ ಪೋಸ್ಟ್ ಹಾಕಬೇಕು, ಎರಡು ವರ್ಷ ಅವರ ಡಿಸ್ಕ್ ಬಿಟ್ಟು ಬೇರೆ ಎಸೆಯುವಂತಿಲ್ಲ. ಅವಳ ಕ್ಲಬ್ಬಿನಲ್ಲೇ ಇರುವ ಹುಡುಗನಿಗೆ ಅದೇ ಕಂಪನಿ ಓಡಾಟದ ಖರ್ಚನ್ನೂ ಕೊಡುತ್ತಿದೆ. ‘ನನಗೇಕಿಲ್ಲ’ ಅಂತ ಮಗಳು ಕೇಳುತ್ತಾಳೆ. ‘ಆರ್‌ಸಿಬಿ ಹುಡುಗಿಯರಿಗೆ ಕೋಟಿ ಸಿಗುತ್ತೆ, ಈ ಆಟದಲ್ಲಿ ಏನಿದೆ’ ಅಂತ ಅವರಪ್ಪ. ಹೆಂಗಸರಿಗೆ ಇದರಲ್ಲಿ ನಿಜವಾಗಿ ಬದುಕು ಇದೆಯೇ? ಸಹಿ ಹಾಕಬೇಕೆ?

ಉತ್ತರ: ಈ ಪತ್ರಕ್ಕೆ ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ಹಾಗಂತ ಬೇಡ ಎಂದು ಬಾಗಿಲನ್ನೂ ಮುಚ್ಚಬೇಡಿ. ಕಂಪನಿ ಮೊದಲು ಬರೆದು ಕಳಿಸುವ ಪತ್ರ ಮಾತುಕತೆಯ ಶುರು ಮಾತ್ರ. ಅದನ್ನು ತಿದ್ದಿಸಿಕೊಳ್ಳುವ ಹಕ್ಕು ನಿಮಗಿದೆ. ಹುಡುಗರ ಮನೆಯವರು ಇದನ್ನು ಸಲೀಸಾಗಿ ಮಾಡುತ್ತಾರೆ. ಹುಡುಗಿಯರ ಮನೆಯವರು ‘ಕರೆದರಲ್ಲ, ಅದೇ ದೊಡ್ಡದು’ ಅಂತ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಟೂರ್ನಮೆಂಟ್ ನಡೆಸುವ ಕೆಲಸದಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಮೊದಲು ಅವರು ಕೊಡುತ್ತಿರುವುದರ ಬೆಲೆ ಕಟ್ಟೋಣ. ಒಳ್ಳೆ ಪ್ಲಾಸ್ಟಿಕ್‌ನ ಒಂದು ಡಿಸ್ಕಿಗೆ ಅಂಗಡಿಯಲ್ಲಿ ಸುಮಾರು 18 ಡಾಲರ್ ಅಂತ ಇಟ್ಟುಕೊಳ್ಳಿ. 20 ಡಿಸ್ಕಿಗೆ 360 ಡಾಲರ್. ಕಂಪನಿಗೆ ತಯಾರಿಕೆಯ ಖರ್ಚು ಇದಕ್ಕಿಂತ ಎಷ್ಟೋ ಕಡಿಮೆ. ವಾರಕ್ಕೆ ಎರಡರಂತೆ ವರ್ಷಕ್ಕೆ 104 ಪೋಸ್ಟ್. ಭಾಗಿಸಿದರೆ ಒಂದು ಪೋಸ್ಟಿಗೆ ಮೂರೂವರೆ ಡಾಲರ್ ಕೂಡ ಬೀಳುವುದಿಲ್ಲ. ಒಂದು ವಿಡಿಯೊ ತೆಗೆದು, ಕತ್ತರಿಸಿ, ಬರೆದು ಹಾಕಲು ಅವಳಿಗೆ ಕನಿಷ್ಠ ಒಂದು ಗಂಟೆ ಬೇಕು. ಅಂದರೆ ನಿಮ್ಮ ಮಗಳಿಗೆ ಸಿಕ್ಕಿರುವುದು ಆಟದ ಸ್ಪಾನ್ಸರ್‌ಶಿಪ್ ಅಲ್ಲ. ಜಾಹೀರಾತಿನ ಕೆಲಸ, ಅದೂ ತೀರಾ ಕಡಿಮೆ ಕೂಲಿಗೆ. ಇದನ್ನು ಅವಳ ಮನಸ್ಸು ನೋಯಿಸಲು ಹೇಳುತ್ತಿಲ್ಲ. ತನ್ನ ಬೆಲೆ ಎಷ್ಟು ಅಂತ ಅವಳಿಗೆ ಗೊತ್ತಿರಲಿ ಅಂತ.

ಈ ಆಟ ಗೊತ್ತಿಲ್ಲದ ಓದುಗರಿಗೆ ನಾಲ್ಕು ಮಾತು. ಗಾಲ್ಫಿನ ಹಾಗೇ, ಆದರೆ ಚೆಂಡು, ಕೋಲುಗಳ ಬದಲು ಕೈಯಲ್ಲಿ ಎಸೆಯುವ ಡಿಸ್ಕ್. ಗುಂಡಿಯ ಬದಲು ಸರಪಳಿ ತೂಗುವ ಕಬ್ಬಿಣದ ಬ್ಯಾಸ್ಕೆಟ್. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಆ ಬ್ಯಾಸ್ಕೆಟ್ ರೂಪಿಸಿದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪಿಡಿಜಿಎ, ಅಂದರೆ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಶುರು ಮಾಡಿದರು. ವೃತ್ತಿಪರರಲ್ಲಿ ಎರಡು ದೊಡ್ಡ ವಿಭಾಗಗಳಿವೆ. ಎಂಪಿಒ ಎಲ್ಲರಿಗೂ ತೆರೆದಿದ್ದು, ಆದರೆ ಆಡುವವರು ಹೆಚ್ಚುಕಡಿಮೆ ಗಂಡಸರೇ. ಎಫ್‌ಪಿಒ ಹೆಂಗಸರದು. 2016ರಿಂದ ಡಿಸ್ಕ್ ಗಾಲ್ಫ್ ಪ್ರೊ ಟೂರ್ ಎಂಬ ಸರಣಿ ನಡೆಯುತ್ತಿದೆ. ನಿಮ್ಮ ಟೆಕ್ಸಸ್‌ಗೂ ಅದು ಬರುತ್ತದೆ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ, ಹೆಂಗಸರ ಮುಂದಿನ ಗುಂಪಿನ ಜತೆ ಹದಿನೆಂಟೂ ಹೋಲ್ ನಡೆಯಿರಿ.

ಈಗ ‘ನನಗೇಕಿಲ್ಲ’ ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ಒಂದೇ ಮಾತಿನದಲ್ಲ. ಬಹುಮಾನದ ಹಣಕ್ಕೆ ಒಂದು ಕಾರಣ, ಸ್ಪಾನ್ಸರ್ ಹಣಕ್ಕೆ ಇನ್ನೊಂದು. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಈ ಚರ್ಚೆ ಯಾವಾಗಲೂ ದಾರಿ ತಪ್ಪುತ್ತದೆ.

ಬಹುಮಾನದ ಹಣ ಹೆಚ್ಚಾಗಿ ಆಟಗಾರರ ಪ್ರವೇಶ ಶುಲ್ಕದಿಂದಲೇ ಬರುತ್ತದೆ. ಅದರ ಮೇಲೆ ಆಯೋಜಕರು, ಸ್ಪಾನ್ಸರ್‌ಗಳು ಸೇರಿಸುವ ಹಣ ಇರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಮಾಡಿಕೊಳ್ಳೋಣ. ಗಂಡಸರು 100 ಜನ, ಹೆಂಗಸರು 40 ಜನ, ತಲೆಗೆ 100 ಡಾಲರ್ ಶುಲ್ಕ. ಗಂಡಸರ ಪಾಲಿಗೆ 10,000, ಹೆಂಗಸರ ಪಾಲಿಗೆ 4,000. ಸ್ಪಾನ್ಸರ್ 7,000 ಸೇರಿಸಿದರು, ಅದನ್ನು ತಲೆಗೆ 50ರಂತೆ ಹಂಚಿದರು. ಈಗ ಗಂಡಸರದು 15,000, ಹೆಂಗಸರದು 6,000. ತಲಾ ಲೆಕ್ಕದಲ್ಲಿ ಇಬ್ಬರಿಗೂ 150. ಅನ್ಯಾಯ ಎಲ್ಲೂ ಕಾಣುವುದಿಲ್ಲ. ಆದರೆ ಗೆದ್ದವಳ ಕೈಗೆ ಬರುವ ಚೆಕ್ ಗೆದ್ದವನ ಚೆಕ್ಕಿಗಿಂತ ಚಿಕ್ಕದು, ಯಾಕಂದರೆ ಅವಳ ಹಿಂದೆ ಇರುವ ಸಾಲು ಚಿಕ್ಕದು.

ಪಿಡಿಜಿಎ ಸದಸ್ಯರಲ್ಲಿ ಹೆಂಗಸರು ಶೇ 10 ಕೂಡ ಇಲ್ಲ. ದೊಡ್ಡ ಟೂರ್ನಮೆಂಟಿನಲ್ಲಿ ಗಂಡಸರು ನೂರು ದಾಟಿದರೆ ಹೆಂಗಸರು ಹಲವು ಕಡೆ ಅದರ ಅರ್ಧ, ಇಲ್ಲವೇ ಇನ್ನೂ ಕಡಿಮೆ. ಆದ್ದರಿಂದ ತಲಾ ಲೆಕ್ಕದಲ್ಲಿ ಹಂಚುವವರೆಗೂ ಈ ಅಂತರ ತಾನಾಗಿ ಕಡಿಮೆಯಾಗುವುದಿಲ್ಲ. ಮುರಿಯುವ ದಾರಿ ಒಂದೇ. ಹಣ ಸೇರಿಸುವವರು ‘ಇಷ್ಟು ಎಫ್‌ಪಿಒ ವಿಭಾಗಕ್ಕೆ’ ಎಂದು ಬೇರೆಯಾಗಿ ಹೆಸರಿಸಿ ಕೊಡಬೇಕು. ಊರಿನ ಸಣ್ಣ ಟೂರ್ನಮೆಂಟಿನಲ್ಲೂ ಇದು ಸಾಧ್ಯ. ಒಂದು ದಂತವೈದ್ಯರ ಕ್ಲಿನಿಕ್, ಒಂದು ಹೋಟೆಲು 500 ಡಾಲರ್ ಕೊಟ್ಟು ‘ಇದು ಹೆಂಗಸರ ಬಹುಮಾನಕ್ಕೆ’ ಅಂದರೆ ಸಾಕು, ಆ ವಾರದ ಚಿತ್ರವೇ ಬೇರೆಯಾಗುತ್ತದೆ. ಮುಂದಿನ ವರ್ಷ ಇನ್ನಷ್ಟು ಜನ ಹೆಂಗಸರು ಹೆಸರು ಕೊಡುತ್ತಾರೆ. ಆಗ ಸಾಲು ತಾನಾಗಿಯೇ ಉದ್ದವಾಗುತ್ತದೆ.

ಸ್ಪಾನ್ಸರ್ ಹಣದ ಕತೆ ಇದಲ್ಲ. ಅಲ್ಲಿ ತಲೆ ಎಣಿಕೆ ನಡೆಯುವುದಿಲ್ಲ. ಅಲ್ಲಿ ಒಂದೇ ಪ್ರಶ್ನೆ: ಈ ಆಟಗಾರ್ತಿಯ ಹೆಸರಿನಿಂದ ನಮ್ಮ ಎಷ್ಟು ಡಿಸ್ಕ್ ಮಾರಾಟವಾಗುತ್ತೆ?

ಈ ಆಟದಲ್ಲಿ ಹಣ ಕೊಡುವವರು ಬಹುತೇಕ ಡಿಸ್ಕ್ ಮಾಡುವ ಕಂಪನಿಗಳೇ. ಅಮೆರಿಕದ ಇನ್ನೋವಾ, ಡಿಸ್ಕ್ರಾಫ್ಟ್, ಡೈನಮಿಕ್ ಡಿಸ್ಕ್ಸ್, ಎಂವಿಪಿ, ಪ್ರಾಡಿಜಿ, ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಇಂಥವು. ಇವರು ಕೊಡುವುದರಲ್ಲೂ ಮೆಟ್ಟಿಲುಗಳಿವೆ. ತೀರಾ ಕೆಳಗೆ ರಿಯಾಯಿತಿ. ಅದರ ಮೇಲೆ ಉಚಿತ ಡಿಸ್ಕ್, ಜೆರ್ಸಿ. ನಿಮ್ಮ ಮಗಳಿಗೆ ತೋರಿಸಿರುವುದು ಇಲ್ಲಿ. ಅದರ ಮೇಲೆ ಶುಲ್ಕ ಮತ್ತು ಓಡಾಟದ ಖರ್ಚು. ಕ್ಲಬ್ಬಿನ ಹುಡುಗ ಇರುವುದು ಅಲ್ಲಿ. ಅದರ ಮೇಲಿನದು ‘ಟೂರ್ ಸೀರೀಸ್’ ಡಿಸ್ಕ್. ಅಂದರೆ ಆಟಗಾರ್ತಿಯ ಹೆಸರು ಅಚ್ಚು ಹಾಕಿದ ಡಿಸ್ಕ್. ಒಂದೊಂದು ಮಾರಾಟವಾದಾಗಲೂ ಅವಳಿಗೆ ಕೆಲವು ಡಾಲರ್. ಟೂರ್‌ನಲ್ಲಿ ವ್ಯಾನಿನಲ್ಲೇ ಮಲಗಿ ಊರೂರು ತಿರುಗುವ ಎಷ್ಟೋ ಜನರಿಗೆ ಪೆಟ್ರೋಲು ಹಾಕಿಸುವುದು ಈ ಹಣವೇ. ಎಲ್ಲಕ್ಕಿಂತ ಮೇಲೆ ನಿಗದಿ ಸಂಬಳ, ಗೆದ್ದರೆ ಬೋನಸ್, ತನ್ನದೇ ವಿನ್ಯಾಸದ ಡಿಸ್ಕಿನ ರಾಯಲ್ಟಿ.

ಮೇಲಿನ ಮೆಟ್ಟಿಲು ಎಷ್ಟು ಎತ್ತರ ಅನ್ನುವುದಕ್ಕೆ ಒಂದು ಅಂಕಿ. 2021ರಲ್ಲಿ ಎಂಪಿಒ ಆಟಗಾರ ಪಾಲ್ ಮೆಕ್‌ಬೆತ್ ಡಿಸ್ಕ್ರಾಫ್ಟ್ ಜತೆ 10 ವರ್ಷಕ್ಕೆ 1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಕೊರೊನಾ ಕಾಲದಲ್ಲಿ ಜನ ಪಾರ್ಕುಗಳಿಗೆ ಬಂದು ಈ ಆಟ ಹಿಡಿದರು, ಡಿಸ್ಕ್‌ಗಳು ಅಂಗಡಿಗೆ ಬರುವ ಮೊದಲೇ ಖಾಲಿಯಾಗುತ್ತಿದ್ದವು. ಆ ಹೊತ್ತಿನ ಒಪ್ಪಂದ ಅದು. ಮೆಕ್‌ಬೆತ್ ಹೆಸರಿನ ಲೂನಾ ಪಟರ್ (ಬ್ಯಾಸ್ಕೆಟ್ ಹತ್ತಿರದಿಂದ ಎಸೆಯುವ ಡಿಸ್ಕ್), ಝೂಸ್ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಮಾರಿದ್ದರಿಂದಲೇ ಕಂಪನಿಗೆ ಆ ಧೈರ್ಯ ಬಂತು. ಗೆಲುವು ಮೊದಲು, ಹೆಸರಿನ ಡಿಸ್ಕ್ ನಂತರ, ದೊಡ್ಡ ಹಣ ಕೊನೆಗೆ. ಕ್ರಮ ಇದೇ.

ಈಗ ಹೆಂಗಸರ ಕಡೆ ಬನ್ನಿ. ಜುಲಿಯಾನಾ ಕಾರ್ವರ್ 1998ರಿಂದ 2003ರ ನಡುವೆ ಐದು ಸಲ ವಿಶ್ವ ಚಾಂಪಿಯನ್ ಆದವರು. ಇನ್ನೋವಾದ ‘ಜೆಕೆ ಏವಿಯಾರ್’ ಪಟರ್ ಅವರ ಹೆಸರಿನದೇ. ‘ಕೆಸಿ ಏವಿಯಾರ್’ ಇದೆಯಲ್ಲ, ಅದು 12 ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ ಅವರದು. ಕೆಸಿ ಯಾರು ಅಂತ ಕೇಳಿದರೆ ಆಟದ ಹುಚ್ಚು ಇರುವ ಯಾವ ಹುಡುಗನಾದರೂ ಹೇಳುತ್ತಾನೆ. ಜೆಕೆ ಯಾರು ಅಂತ ಕೇಳಿ ನೋಡಿ. ಆ ಪಟರನ್ನೇ ಕೈಯಲ್ಲಿ ಹಿಡಿದವರಲ್ಲೂ ಅದು ಒಬ್ಬ ಹೆಂಗಸಿನ ಹೆಸರು ಅಂತ ಗೊತ್ತಿಲ್ಲದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಐದು ವಿಶ್ವ ಪಟ್ಟ, ದಶಕಗಳ ಕಾಲ ಉಳಿದ ಡಿಸ್ಕ್, ಆದರೂ ಗುರುತು ಎರಡಕ್ಷರದಲ್ಲೇ ನಿಂತುಹೋಯಿತು. ಈ ಆಟದಲ್ಲಿ ಹೆಂಗಸರ ಮನ್ನಣೆಯ ವಿಷಯ ಬಂದಾಗಲೆಲ್ಲ ನಾನು ಮೊದಲು ನೆನೆಯುವುದು ಇದನ್ನೇ.

ಮುಂದಿನ ತಲೆಮಾರು ಇದನ್ನು ಸ್ವಲ್ಪ ಬದಲಿಸಿತು. ಪೇಜ್ ಪಿಯರ್ಸ್ 2011, 2013, 2015, 2017, 2019, ಹೀಗೆ ಐದು ವಿಶ್ವ ಪಟ್ಟ ಗೆದ್ದರು. ಡಿಸ್ಕ್ರಾಫ್ಟ್ ಅವರಿಗಾಗಿ ‘ಫಿಯರ್ಸ್’ ಎಂಬ ಪಟರ್, ‘ಪ್ಯಾಷನ್’ ಎಂಬ ಡ್ರೈವರ್ ತಂದಿತು. ಇದು ಹಳೆಯ ಡಿಸ್ಕಿನ ಮೇಲೆ ಹೊಸ ಅಚ್ಚು ಒತ್ತಿದ್ದಲ್ಲ, ಅವರಿಗಾಗಿಯೇ ಮಾಡಿದ ಡಿಸ್ಕ್. ಎಸ್ಟೋನಿಯಾದ ಕ್ರಿಸ್ಟಿನ್ ತಾತ್ತರ್ 2022ರಲ್ಲಿ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ, 2023ರಲ್ಲಿ ವರ್ಮಾಂಟ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಲ್ಯಾಟಿಟ್ಯೂಡ್ 64 ಅವರ ಹೆಸರಿನಲ್ಲಿ ‘ಗ್ರೇಸ್’ ಎಂಬ ಡ್ರೈವರ್ ಮಾಡಿತು. ಅದನ್ನು ಕೊಳ್ಳುವವರು ಬರೀ ಹೆಂಗಸರು ಅಂದುಕೊಳ್ಳಬೇಡಿ.

ಕಂಪನಿಗಳ ಕಡೆ ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ‘ಡಿಸ್ಕ್ ಕೊಳ್ಳುವವರು ಗಂಡಸರು, ಅವರಿಗೆ ಗಂಡಸರ ಡಿಸ್ಕೇ ಬೇಕು’ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅಂಗಡಿಗೆ ಬರುವ ಮಾಮೂಲಿ ಆಟಗಾರನನ್ನು ನೋಡಿ. ಶನಿವಾರ ಬೆಳಿಗ್ಗೆ ಗೆಳೆಯರ ಜತೆ ಆಡುವವನು. ಅವನು ಎಸೆಯುವುದು 250 ಅಡಿ, ತುಂಬಾ ಚೆನ್ನಾಗಿ ಹೋದರೆ 300. ಮೇಲಿನ ಸಾಲಿನ ಗಂಡಸರು 450, 500 ಅಡಿ ಎಸೆಯುತ್ತಾರೆ. ಅಷ್ಟು ವೇಗದ ತೋಳಿಗೆ ಮಾಡಿದ ಡಿಸ್ಕ್ ಅವನ ಕೈಯಿಂದ ಹೊರಟರೆ ಬೇಗ ಎಡಕ್ಕೆ ವಾಲಿ ನೆಲ ಹಿಡಿಯುತ್ತದೆ. ವೃತ್ತಿಪರ ಹೆಂಗಸರ ಎಸೆತ ಸುಮಾರು 350ರಿಂದ 400 ಅಡಿ. ಆ ವೇಗ ಅವನಿಗೆ ಎಷ್ಟೋ ಹತ್ತಿರ. ಅವರು ಡಿಸ್ಕ್ ಆರಿಸುವ ರೀತಿ, ಗಾಳಿಗೆ ತಕ್ಕಂತೆ ಕೋನ ಕೊಡುವ ರೀತಿ, ಮರಗಳ ನಡುವೆ ಬಲ ಹಾಕದೆ ನೇರ ಕಳಿಸುವ ರೀತಿ, ಇದೆಲ್ಲ ಅವನು ನಾಳೆಯೇ ಮೈದಾನದಲ್ಲಿ ಮಾಡಬಹುದಾದ್ದು. ಮೆಕ್‌ಬೆತ್ ಆಟ ನೋಡಿ ಬೆರಗಾಗಬಹುದು. ತಾತ್ತರ್ ಆಟ ನೋಡಿ ಕಲಿಯಬಹುದು. ಇದನ್ನು ಅರ್ಥ ಮಾಡಿಕೊಂಡ ಕಂಪನಿ ಆಟಗಾರ್ತಿಯನ್ನು ಪೋಸ್ಟರಿನ ಅಂದಕ್ಕೆ ಇಟ್ಟುಕೊಳ್ಳುವುದಿಲ್ಲ, ತನ್ನ ಅತಿ ದೊಡ್ಡ ಗಿರಾಕಿ ಗುಂಪಿಗೆ ಪಾಠ ಹೇಳುವವಳಾಗಿ ಮುಂದೆ ನಿಲ್ಲಿಸುತ್ತದೆ. ನಿಮ್ಮ ಮಗಳು ಕಂಪನಿಯ ಮುಂದೆ ಇಡಬೇಕಾದ ವಾದವೂ ಇದೇ. ‘ಹುಡುಗಿ ಅಂತ ಅನುಕೂಲ ಮಾಡಿಕೊಡಿ’ ಅನ್ನಬೇಕಿಲ್ಲ. ‘ನಿಮ್ಮ ಗಿರಾಕಿಗಳಿಗೆ ನನ್ನ ಆಟ ಹತ್ತಿರ’ ಅನ್ನಲಿ.

ಆದರೆ ಪಾಠ ಕೇಳಬೇಕಾದರೆ ಮೊದಲು ಕಾಣಬೇಕಲ್ವಾ? ಈ ಆಟವನ್ನು ಬೆಳೆಸಿದ್ದು ಟಿವಿ ಅಲ್ಲ, ಯೂಟ್ಯೂಬ್. ಜೋಮೆಜ್‌ಪ್ರೊದಂಥ ತಂಡಗಳು ಹಿಂದಿನ ದಿನದ ಆಟವನ್ನು ಚೆನ್ನಾಗಿ ಕತ್ತರಿಸಿ, ಕಾಮೆಂಟರಿ ಸೇರಿಸಿ ಮರುದಿನ ಹಾಕಿದವು. ಲಕ್ಷಗಟ್ಟಲೆ ಜನ ನೋಡಿದರು. ಆದರೆ ಕ್ಯಾಮೆರಾ ಹೆಚ್ಚಾಗಿ ಹೋಗಿದ್ದು ಗಂಡಸರ ಮುಂದಿನ ಗುಂಪಿನ ಹಿಂದೆ. ಹೆಂಗಸರ ಫೈನಲ್‌ನಲ್ಲಿ ಏನಾಯಿತು ಅಂತ ತಿಳಿಯಲು ಬಹಳ ವರ್ಷ ಅಂಕಪಟ್ಟಿ ಮಾತ್ರ ಗತಿ. ಬರೀ ಅಂಕಪಟ್ಟಿ ನೋಡಿ ಯಾರೂ ಯಾರ ಅಭಿಮಾನಿಯೂ ಆಗುವುದಿಲ್ಲ. ಈಗ ಪ್ರೊ ಟೂರ್‌ನ ಸ್ವಂತ ನೇರ ಪ್ರಸಾರದಲ್ಲಿ ಹೆಂಗಸರ ಆಟವನ್ನೂ ಪೂರ್ತಿ ತೋರಿಸುತ್ತಾರೆ, ಸಾಮಾನ್ಯವಾಗಿ ಬೆಳಿಗ್ಗೆ. ಮಧ್ಯಾಹ್ನ ಗಂಡಸರದು. ಬೆಳಗಿನ ಹೊತ್ತು ಕೊಟ್ಟಿದ್ದು ಹೆಂಗಸರನ್ನು ಹಿಂದೆ ತಳ್ಳಿದಂತೆ ಅಂತ ಕೆಲವರು ಬೇಸರ ಪಡುತ್ತಾರೆ. ಅಮೆರಿಕದ ನೋಡುಗರ ಮಟ್ಟಿಗೆ ಅದು ನಿಜವೇ. ಆದರೆ ಆಸ್ಟಿನ್‌ನಲ್ಲಿ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ಫಿನ್ಲೆಂಡ್, ಎಸ್ಟೋನಿಯಾಗಳಲ್ಲಿ ಸಂಜೆ 5. ಜನ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಈ ಆಟದ ಹುಚ್ಚು ಅತಿ ಹೆಚ್ಚಿರುವ ದೇಶಗಳಲ್ಲಿ ಅವೆರಡೂ ಸೇರಿವೆ. ಅಲ್ಲಿನವರಿಗೆ ಸಂಜೆಯ ಆಟವೆಂದರೆ ಹೆಂಗಸರ ಆಟವೇ. 2024ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ವಿಶ್ವ ಪಟ್ಟ ಗೆದ್ದವರು ಫಿನ್ಲೆಂಡಿನ ಎವೆಲೀನಾ ಸಾಲೊನೆನ್. ಯುರೋಪಿನ ಕಂಪನಿಗಳು ತಮ್ಮ ಆಟಗಾರ್ತಿಯರನ್ನು ಮುಂದಿಟ್ಟು ವ್ಯಾಪಾರ ಮಾಡುವುದಕ್ಕೆ ಈ ಸಂಜೆಯ ನೋಡುಗರೂ ಒಂದು ಕಾರಣ ಅಂತ ನನ್ನ ಎಣಿಕೆ.

ನಿಮ್ಮ ಯಜಮಾನರು ಕೇಳಿದ ಆರ್‌ಸಿಬಿ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೆಂಗಸರ ಪ್ರೀಮಿಯರ್ ಲೀಗ್‌ನಲ್ಲಿ ಹಣ ಬಂದ ಕ್ರಮ ನೋಡಿ. 2023ರ ಜನವರಿಯಲ್ಲಿ ಐದು ವರ್ಷದ ಪ್ರಸಾರ ಹಕ್ಕು 951 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದಾದ ಮೇಲೆ, ಫೆಬ್ರವರಿಯಲ್ಲಿ, ಸ್ಮೃತಿ ಮಂದಾನಾ ಅವರನ್ನು ಆರ್‌ಸಿಬಿ 3.4 ಕೋಟಿಗೆ ಕೊಂಡಿತು. ಕಪ್ ಗೆದ್ದಿದ್ದು 2024ರಲ್ಲಿ. ಮೊದಲು ತೋರಿಸುವ ನಿರ್ಧಾರ ಆಯಿತು, ಆಮೇಲೆ ಆಟಗಾರ್ತಿಯ ಬೆಲೆ ಏರಿತು. ‘ಜನ ನೋಡಲಿ, ಆಮೇಲೆ ತೋರಿಸೋಣ’ ಅಂತ ಕಾದಿದ್ದರೆ ಇವತ್ತಿಗೂ ಏನೂ ಆಗುತ್ತಿರಲಿಲ್ಲ. ಡಿಸ್ಕ್ ಗಾಲ್ಫ್ ತುಂಬಾ ಚಿಕ್ಕ ಆಟ, ಕೋಟಿಗಳ ಮಾತು ಅಲ್ಲಿ ಬೆರಳೆಣಿಕೆಯ ಜನಕ್ಕೆ ಮಾತ್ರ. ಆದರೆ ಕ್ರಮ ಅದೇ.

ಮನ್ನಣೆಯ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಹೆಂಗಸರಿಗಾಗಿಯೇ ಒಳ್ಳೆಯ ಕೆಲಸಗಳು ನಡೆದಿವೆ. ಅಮೆರಿಕದ ಮಹಿಳಾ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ 1999ರಿಂದ ನಡೆಯುತ್ತಿದೆ. 2012ರಲ್ಲಿ ಶುರುವಾದ ವಿಮೆನ್ಸ್ ಗ್ಲೋಬಲ್ ಈವೆಂಟ್‌ನಲ್ಲಿ ಬೇರೆ ಬೇರೆ ದೇಶಗಳ ಹೆಂಗಸರು ಒಂದೇ ಹೊತ್ತಿಗೆ ತಮ್ಮ ತಮ್ಮ ಊರಲ್ಲೇ ಆಡುತ್ತಾರೆ, ಅಂಕಗಳನ್ನು ಒಟ್ಟಿಗೆ ಸೇರಿಸುತ್ತಾರೆ. ಮೊದಲ ಸಲ ಆಡುವ ಅಜ್ಜಿಯಿಂದ ವಿಶ್ವ ಚಾಂಪಿಯನ್‌ವರೆಗೆ ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿ. ಇದು ನನಗೆ ತುಂಬಾ ಇಷ್ಟವಾದ ಯೋಜನೆ. ಸೌತ್ ಕ್ಯಾರೊಲಿನಾದ ರಾಕ್ ಹಿಲ್‌ನಲ್ಲಿ ಗಂಡಸರ ದೊಡ್ಡ ಚಾಂಪಿಯನ್‌ಶಿಪ್ ನಡೆಯುವಲ್ಲೇ ‘ಥ್ರೋ ಪಿಂಕ್’ ಹೆಸರಿನಲ್ಲಿ ಹೆಂಗಸರ ಟೂರ್ನಮೆಂಟ್ ಬಂತು.

ಇವೆಲ್ಲ ಬೇಕು. ಆದರೆ ಇವನ್ನೇ ನೆಪ ಮಾಡಿಕೊಂಡು ‘ಹೆಂಗಸರಿಗೆ ಅವರದೇ ಕಾರ್ಯಕ್ರಮ ಇದೆಯಲ್ಲ’ ಎಂದು ಮುಖ್ಯ ಟೂರ್ನಮೆಂಟಿನಲ್ಲಿ ಹೆಂಗಸರನ್ನು ಮೂಲೆಗೆ ಸರಿಸುವವರಿದ್ದಾರೆ. ಬಹುಮಾನ ಕೊಡುವಾಗ ಹೆಂಗಸರ ಹೆಸರನ್ನು ತಪ್ಪಾಗಿ ಓದುವುದು, ಎಫ್‌ಪಿಒ ಟೀ ಪ್ಯಾಡನ್ನು (ಮೊದಲ ಎಸೆತ ಎಸೆಯುವ ಜಾಗ) ಸಿಮೆಂಟ್ ಹಾಕದೆ ಹುಲ್ಲಿನ ಮೇಲೆ ಗೆರೆ ಎಳೆದು ಬಿಟ್ಟುಬಿಡುವುದು, ಕಂಪನಿಯ ಪುಟದಲ್ಲಿ ಗೆದ್ದವನ ವಿಡಿಯೊ ಹಾಕಿ ಗೆದ್ದವಳ ಒಂದು ಫೋಟೊ ಹಾಕುವುದು. ಇವು ಸಣ್ಣವಲ್ಲ. ಹದಿನೇಳರ ಹುಡುಗಿ ಇದನ್ನೆಲ್ಲ ನೋಡುತ್ತಿರುತ್ತಾಳೆ. ಈ ಆಟದಲ್ಲಿ ತನ್ನ ಜಾಗ ಎಲ್ಲಿ ಅಂತ ಇದರಿಂದಲೇ ಅಳೆಯುತ್ತಾಳೆ. ಟೀ ಪ್ಯಾಡ್‌ನದು ಮರ್ಯಾದೆಯ ಮಾತಷ್ಟೇ ಅಲ್ಲ. ಒದ್ದೆ ಹುಲ್ಲಿನ ಮೇಲೆ ಓಡಿ ತಿರುಗಿ ಎಸೆದರೆ ಮೊಣಕಾಲು ಹೋಗುತ್ತದೆ.

ಇನ್ನು ನಿಮ್ಮ ಪತ್ರಕ್ಕೆ ಬರೋಣ. ನಾನಾಗಿದ್ದರೆ ಏನೇನು ತಿದ್ದಿಸುತ್ತಿದ್ದೆ?

ಎರಡು ವರ್ಷ ಬೇಡ, ಒಂದು ವರ್ಷ ಸಾಕು. ಈ ವಯಸ್ಸಿನಲ್ಲಿ ಆಟ ಆರು ತಿಂಗಳಲ್ಲೇ ಬದಲಾಗಬಹುದು. ಇವತ್ತಿನ ಬೆಲೆಗೆ ಎರಡು ವರ್ಷ ಕಟ್ಟಿಹಾಕಿಕೊಂಡರೆ ನಷ್ಟ ಅವಳದೇ. ಬೇರೆ ಡಿಸ್ಕ್ ಎಸೆಯಬಾರದು ಅನ್ನುವ ಷರತ್ತು ಈ ಆಟದಲ್ಲಿ ಮಾಮೂಲು. ಆದರೆ ಅದು ಸಂಬಳ ಕೊಡುವವರು ಕೇಳುವ ಷರತ್ತು. 360 ಡಾಲರಿನ ಸಾಮಾನು ಕೊಟ್ಟು ಅವಳ ಇಡೀ ಚೀಲವನ್ನು ಬದಲಿಸು ಅನ್ನುವುದು ಜಾಸ್ತಿಯಾಯಿತು. ಪಟರ್ ಮಾತ್ರ ಅವಳ ಇಷ್ಟಕ್ಕೆ ಬಿಡಲಿ ಅಂತ ಕೇಳಿ. ಕೈಗೆ ಕೂತ ಪಟರನ್ನು ಬದಲಿಸಿದರೆ ಒಂದು ಸೀಸನ್ ಪೂರ್ತಿ ಅಂಕ ಕೆಡುವುದುಂಟು. ಪೋಸ್ಟ್ ತಿಂಗಳಿಗೆ ಎರಡಕ್ಕೆ ಇಳಿಸಿ. ಅವಳ ಫೋಟೊ, ವಿಡಿಯೊಗಳನ್ನು ಒಪ್ಪಂದ ಮುಗಿದ ಮೇಲೂ ಬಳಸುವ ಹಕ್ಕು ಕಂಪನಿಗೆ ಇದೆಯೇ ಎಂದು ಓದಿ ನೋಡಿ. ಇದ್ದರೆ ತೆಗೆಸಿ, ಇಲ್ಲವೇ ಅವಧಿ ಹಾಕಿಸಿ. ಇನ್ನೂ ಹದಿನೆಂಟು ತುಂಬದ ಮಗಳ ಚಿತ್ರ ಅದು, ಇದರಲ್ಲಿ ಮಾತ್ರ ಒಂದಿಂಚೂ ಬಿಟ್ಟುಕೊಡಬೇಡಿ.

ಗಾಯವಾದರೆ ಏನು ಅನ್ನುವ ಸಾಲು ಬಹಳ ಪತ್ರಗಳಲ್ಲಿ ಇರುವುದೇ ಇಲ್ಲ. ‘ಗಾಯದಿಂದ ಆಡಲಾಗದಿದ್ದರೂ ವರ್ಷದ ಕೊನೆಯವರೆಗೆ ಒಪ್ಪಂದ ಉಳಿಯುತ್ತದೆ’ ಎಂದು ಬರೆಸಿ. ದೊಡ್ಡವಳಾಗಿ ದೊಡ್ಡ ಒಪ್ಪಂದ ಮಾಡುವಾಗ ಇದೇ ಸಾಲಿಗೆ ಬಸಿರು, ಬಾಣಂತನವನ್ನೂ ಸೇರಿಸಲಿ. ಟೂರ್‌ನಲ್ಲಿ ಸಂಕೋಚದಿಂದ ಈ ಮಾತು ಎತ್ತದ ಹೆಂಗಸರು ಬಹಳ. ಎತ್ತಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಒಂದಿದೆ. ಉಚಿತ ಡಿಸ್ಕ್ 20ರ ಬದಲು 10 ಕೊಟ್ಟರೂ ಪರವಾಗಿಲ್ಲ, ಅವಳ ಹೆಸರು ಅಚ್ಚು ಹಾಕಿದ ಸಣ್ಣ ಸಂಖ್ಯೆಯ ಡಿಸ್ಕ್ ಮಾಡಿಸಿ ಅಂತ ಕೇಳಿ. ಐವತ್ತಾದರೂ ಸಾಕು. ಪೂರ್ತಿ ಹೆಸರು ಇರಲಿ, ಮೊದಲಕ್ಷರಗಳಲ್ಲ. ಅದು ನಿಮ್ಮ ಊರಿನ ಕ್ಲಬ್ಬಿನಲ್ಲಿ, ಟೂರ್ನಮೆಂಟಿನ ಮೇಜಿನ ಮೇಲೆ ಮಾರಾಟವಾಗಲಿ. ಎಷ್ಟು ಮಾರಾಟವಾಯಿತು ಅನ್ನುವ ಲೆಕ್ಕ ಅವಳ ಕೈಗೆ ಸಿಗಲಿ. ಮುಂದಿನ ವರ್ಷ ಬೇರೆ ಕಂಪನಿಯ ಮುಂದೆ ಕೂತಾಗ ಅವಳ ಕೈಯಲ್ಲಿ ಗೆದ್ದ ಕಪ್ಪುಗಳ ಜತೆ ಈ ಲೆಕ್ಕವೂ ಇರುತ್ತದೆ. ಆ ಮಾತುಕತೆಯೇ ಬೇರೆ. ಓಡಾಟದ ಖರ್ಚನ್ನೂ ಕೇಳಿ. ಕ್ಲಬ್ಬಿನ ಹುಡುಗನ ಹೆಸರು ಎತ್ತಬೇಡಿ. ಅವನ ಒಪ್ಪಂದ ಅವನದು, ಅವನಿಗೆ ತೊಂದರೆಯಾಗುವುದು ಬೇಡ. ‘ಜೂನಿಯರ್ ಆಟಗಾರರಿಗೆ ನೀವು ಶುಲ್ಕ, ಓಡಾಟ ಕೊಡುತ್ತೀರಾ, ಅದಕ್ಕೆ ಅರ್ಹತೆ ಏನು’ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಅರ್ಹತೆ ಅಂಕದ ಮೇಲಿದ್ದರೆ ಹೆಂಗಸರ ವಿಭಾಗದ ಅಂಕಕ್ಕೆ ಹೋಲಿಸಿ ನೋಡುತ್ತಾರೋ, ಹುಡುಗರ ಅಂಕಕ್ಕೋ ಅಂತಲೂ ಕೇಳಿ. ಅಸಮಾನತೆ ಬಹಳ ಸಲ ಅಡಗಿರುವುದು ಈ ಒಂದು ಸಾಲಿನಲ್ಲಿ.

ಈಗ ವೀಸಾ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-4ರಲ್ಲಿರುವ ಮಕ್ಕಳಿಗೆ ಅಮೆರಿಕದಲ್ಲಿ ಕೆಲಸ ಮಾಡಿ ಸಂಪಾದಿಸಲು ಅನುಮತಿ ಇಲ್ಲ. ಕೆಲವು ಎಚ್-4 ಹೆಂಡತಿ ಅಥವಾ ಗಂಡನಿಗೆ ಸಿಗುವ ಇಎಡಿ, ಅಂದರೆ ಕೆಲಸದ ಪರವಾನಗಿ, ಮಕ್ಕಳಿಗೆ ಅನ್ವಯಿಸುವುದಿಲ್ಲ. ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಐ-485 ಹಂತಕ್ಕೆ ಬಂದು ಮಗಳ ಹೆಸರಿಗೇ ಕೆಲಸದ ಪರವಾನಗಿ ಬಂದಿದ್ದರೆ ಮಾತು ಬೇರೆ. ಪೋಸ್ಟ್ ಹಾಕುವುದಕ್ಕೆ ಬದಲಾಗಿ ಸಾಮಾನು, ಡಿಸ್ಕ್ ಮಾರಾಟದ ಪಾಲು, ಬಹುಮಾನದ ನಗದು, ಇವುಗಳಲ್ಲಿ ಯಾವುದನ್ನು ಸರಕಾರ ಕೆಲಸ ಎಂದು ಲೆಕ್ಕ ಹಾಕಬಹುದು ಅನ್ನುವುದನ್ನು ವಲಸೆ ವಕೀಲರು ಪತ್ರ ಓದಿಯೇ ಹೇಳಬೇಕು. ಕಂಪನಿಯವರು ‘ಎಲ್ಲರೂ ಹೀಗೇ ಮಾಡ್ತಾರೆ’ ಅನ್ನುತ್ತಾರೆ. ಎಲ್ಲರೂ ಎಚ್-4ರಲ್ಲಿ ಇರುವುದಿಲ್ಲ. ವಕೀಲರ ಮಾತು ಬರುವವರೆಗೆ ಅವಳು ಜೂನಿಯರ್ ಮತ್ತು ಅಮೆಚೂರ್ (ವೃತ್ತಿಪರರಲ್ಲದವರ) ವಿಭಾಗದಲ್ಲೇ ಆಡಲಿ. ಅಲ್ಲಿ ಬಹುಮಾನ ನಗದಿನಲ್ಲಿ ಬರುವುದಿಲ್ಲ. ಎಫ್‌ಪಿಒದಲ್ಲಿ ಆಡಿ ಅನುಭವ ಪಡೆಯಬೇಕು ಅನ್ನಿಸಿದರೆ ಆಡಬಹುದು, ಗೆದ್ದ ನಗದನ್ನು ಬೇಡ ಎಂದು ಬಿಡಬಹುದು. ಪಿಡಿಜಿಎ ನಿಯಮದಲ್ಲಿ ಅಮೆಚೂರ್ ಸ್ಥಾನ ಹೋಗುವುದು ಪ್ರೊ ವಿಭಾಗದ ನಗದು ಬಹುಮಾನ ಒಪ್ಪಿಕೊಂಡಾಗ.

ಮುಂದೆ ಅನುಮತಿ ಸಿಕ್ಕು ಹಣ ಬರತೊಡಗಿದಾಗ ತೆರಿಗೆಯನ್ನೂ ನೆನಪಿಡಿ. ಕಂಪನಿಗಳು ಸಾಮಾನ್ಯವಾಗಿ ಆಟಗಾರರನ್ನು ನೌಕರರು ಎಂದು ಪರಿಗಣಿಸುವುದಿಲ್ಲ, ನೌಕರರಲ್ಲದವರಿಗೆ ಕೊಟ್ಟ ಹಣ ತೋರಿಸುವ 1099 ನಮೂನೆ ಕೊಡುತ್ತಾರೆ. ಆಗ ಆದಾಯ ತೆರಿಗೆಯ ಜತೆ ಶೇ 15.3 ಸ್ವಯಂ ಉದ್ಯೋಗ ತೆರಿಗೆಯೂ ಬರುತ್ತದೆ. ಶುಲ್ಕ, ಓಡಾಟ, ಉಳಿದುಕೊಂಡ ರಸೀದಿಗಳನ್ನು ಈಗಿನಿಂದಲೇ ಎತ್ತಿಡುವ ಅಭ್ಯಾಸ ಮಾಡಿಸಿ.

‘ಬದುಕು ಇದೆಯೇ’ ಅಂತ ಕೇಳಿದ್ದೀರಿ. ಆಟದಿಂದಲೇ ಮನೆ ನಡೆಸುವ ಹೆಂಗಸರು ಇದ್ದಾರೆ, ಆದರೆ ಕಡಿಮೆ. ನಾಲ್ಕು ಸಲ ವಿಶ್ವ ಚಾಂಪಿಯನ್ ಆದ ವ್ಯಾಲರಿ ಜೆಂಕಿನ್ಸ್ ಮತ್ತು ಅವರ ಪತಿ, ಮೂರು ಸಲದ ಚಾಂಪಿಯನ್ ನೇಟ್ ಡಾಸ್, ಟೂರ್ ಬಿಟ್ಟ ಮೇಲೆ ಆರೆಗಾನ್‌ನ ಬೆಂಡ್ ಊರಿನಲ್ಲಿ ಬಿಯರ್ ತಯಾರಿಸುವ ಬ್ರೂವರಿ ತೆರೆದರು. ಈ ಆಟದ ಮೇಲಿನ ಸಾಲಿನವರಿಗೂ ಇನ್ನೊಂದು ಕಸುಬು ಬೇಕಾಗುತ್ತದೆ, ಗಂಡಸರಿಗೂ ಕೂಡ. ಆದ್ದರಿಂದ ಕಾಲೇಜು ಬಿಡುವ ಮಾತು ಬಂದರೆ ಒಪ್ಪಬೇಡಿ. ಕಾಲೇಜುಗಳ ನಡುವೆ ಡಿಸ್ಕ್ ಗಾಲ್ಫ್ ರಾಷ್ಟ್ರೀಯ ಸ್ಪರ್ಧೆಯೇ ಇದೆ, ಓದುತ್ತಲೇ ಆಡಬಹುದು. ಅವಳಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಅಷ್ಟರೊಳಗೆ ಹೇಗೂ ವಿದ್ಯಾರ್ಥಿ ವೀಸಾದ ಯೋಚನೆ ಮಾಡಲೇಬೇಕು. ಎರಡನ್ನೂ ಒಟ್ಟಿಗೆ ಕೂತು ಯೋಚಿಸಿ.

ಕಂಪನಿಗೆ ಉತ್ತರ ಬರೆಯುವ ಕೆಲಸ ಮಾತ್ರ ಮಗಳೇ ಮಾಡಲಿ, ನೀವು ಓದಿ ನೋಡಿ ಸಾಕು. ಮೊದಲು ಧನ್ಯವಾದ, ಆಮೇಲೆ ಮೇಲಿನ ಬದಲಾವಣೆಗಳು, ಕೊನೆಯಲ್ಲಿ ‘ನಮ್ಮ ವಕೀಲರು ಓದಿದ ಮೇಲೆ ಉತ್ತರಿಸುತ್ತೇವೆ, ಮೂರು ವಾರ ಬೇಕು’. ಅವಸರ ಮಾಡಿ ‘ನಾಳೆಯೊಳಗೆ ಸಹಿ ಬೇಕು’ ಅಂದರೆ ಬಿಟ್ಟುಬಿಡಿ, ಬೇರೆ ಕಂಪನಿ ಬರುತ್ತದೆ. ಬದಲಾವಣೆ ಒಪ್ಪಿ ಹೊಸ ಪತ್ರ ಕಳಿಸಿದರೆ ಅದನ್ನೂ ನನಗೆ ಕಳಿಸಿ, ಓದಿ ಹೇಳುತ್ತೇನೆ.